ಕೆಂಚಿ ಅಷ್ಟು ಕಪ್ಪಿಲ್ಲ

ಪ್ರೀತಿಯ ಪುಟ್ಟಿ,

ನೀನು ಬರೆದು ಕಳಿಸಿದ ನಮ್ಮ ಎಮ್ಮೆ ಕೆಂಚಿಯ ಜಲವರ್ಣ ಚಿತ್ರ ನಿನ್ನೆ ರಾತ್ರಿ ಬಂತು. ಊಟ ಮುಗಿದ ಮೇಲೆ ಅಜ್ಜಿಗೆ ಮೊಬೈಲಿನಲ್ಲಿ ತೋರಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಕೊಂಬು ಸರಿಯಾಗಿ ಬಂದಿದೆ. ನಿಲ್ಲೋ ರೀತಿನೂ ಅವಳದ್ದೇ. ಆದರೆ ಕಣ್ಣೆಲ್ಲಿ?" ಅಂದರು. ಫೋನ್ ವಾಪಸ್ ಕೊಡುವಾಗ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. "ನಮ್ಮ ಕೆಂಚಿ ಅಷ್ಟು ಕಪ್ಪಿಲ್ಲ ಕಣೇ."

ಆ ಮಾತು ಕೇಳಿ ನನಗೆ ರಾತ್ರಿಯೆಲ್ಲ ಅದೇ ಯೋಚನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಬಣ್ಣದ ತಟ್ಟೆ ಪಕ್ಕದಲ್ಲಿಟ್ಟುಕೊಂಡು ನಿಧಾನಕ್ಕೆ ಓದಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ರೇಖೆ ಗಟ್ಟಿಯಾಗಿದೆ. ಹಿಂಗಾಲಿನ ಮೂಳೆ ಎದ್ದಿರುವ ಜಾಗವನ್ನು ನೀನು ಸರಿಯಾಗಿ ಹಿಡಿದಿದ್ದೀಯ. ಅದು ಸುಲಭವಲ್ಲ. ತೊಡಕಾಗಿರುವುದು ಬಣ್ಣ ಹಚ್ಚಿದಾಗ. ಕೊಂಬಿನಿಂದ ಬಾಲದ ತನಕ ಒಂದೇ ಕಪ್ಪು. ಹೊಟ್ಟೆಯ ಉಬ್ಬು ಹೋಯಿತು, ಕುತ್ತಿಗೆಯ ಮಡಿಕೆ ಹೋಯಿತು, ಕಣ್ಣು ಮುಳುಗಿಹೋಯಿತು. ಹಾಳೆಯಲ್ಲಿ ಎಮ್ಮೆಯಾಕಾರದ ತೂತು ಕೊರೆದ ಹಾಗೆ ಕಾಣುತ್ತಿದೆ. "ಎಮ್ಮೆ ಕಪ್ಪು ತಾನೇ ಅಮ್ಮ, ಕಪ್ಪು ಹಚ್ಚಿದರೆ ಯಾಕೆ ಎಮ್ಮೆ ಆಗಲಿಲ್ಲ?" ಅಂತ ಕೇಳಿದ್ದೀಯ. ಒಳ್ಳೆಯ ಪ್ರಶ್ನೆ. ಇಷ್ಟು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದ ನನಗೆ ಮಕ್ಕಳು ಅತಿ ಹೆಚ್ಚು ಸಲ ಕೇಳಿದ್ದೂ ಇದನ್ನೇ. ಕಾಗೆ ಬರೆದಾಗ, ಕೊಡೆ ಬರೆದಾಗ, ಜಡೆ ಬರೆದಾಗ.

ಕೆಂಚಿಗೆ ಆ ಹೆಸರು ಯಾಕೆ ಬಂತು ಅಂತ ನಿನಗೆ ನೆನಪಿದೆಯಾ? ಅವಳು ಹುಟ್ಟಿದಾಗ ಮೈತುಂಬ ಕಂದು ರೋಮ ಇತ್ತು. ಬಿಸಿಲಿಗೆ ತಂದು ನಿಲ್ಲಿಸಿದರೆ ಬೆನ್ನಿನ ಮೇಲೆ ಕೆಂಪು ಛಾಯೆ ಹೊಳೆಯುತ್ತಿತ್ತು. ಅಜ್ಜಿ ಅದನ್ನು ನೋಡಿಯೇ ಕೆಂಚಿ ಅಂದರು. ಚಿತ್ರ ಕಲಿಯದ ಅಜ್ಜಿ ಕಪ್ಪು ಎಮ್ಮೆಯಲ್ಲಿ ಕೆಂಪು ಕಂಡಿದ್ದರು. ಈಗಲೂ ಬೆಳಿಗ್ಗೆ ಏಳು ಗಂಟೆಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡು. ಬೆನ್ನಿನ ಮೇಲ್ಭಾಗ ಆಕಾಶಕ್ಕೆ ಮುಖ ಮಾಡಿದೆಯಲ್ಲ, ಅಲ್ಲಿ ತೆಳು ನೀಲಿ. ಹೊಟ್ಟೆಯ ಕೆಳಗೆ ಅಂಗಳದ ಚಿರೆಕಲ್ಲಿನ ಮಣ್ಣಿನಿಂದ ಬೆಳಕು ಎದ್ದು ಬಡಿಯುತ್ತದೆ, ಅಲ್ಲಿ ಇಟ್ಟಿಗೆಯಂಥ ಕೆಂಪು. ಕಿವಿಯ ಒಳಗೆ ಗುಲಾಬಿ. ಮೂಗಿನ ಹತ್ತಿರ ಒದ್ದೆ ಬೂದು. ಮಳೆ ಬಿದ್ದ ದಿನವಂತೂ ಬೆನ್ನು ಪೂರ್ತಿ ಬೆಳ್ಳಗೆ ಹೊಳೆಯುತ್ತದೆ. ನಿಜಕ್ಕೂ ಕಪ್ಪು ಅನ್ನಬಹುದಾದ ಜಾಗ ಅವಳ ಮೈಯಲ್ಲಿ ಅಂಗೈಯಷ್ಟೂ ಇಲ್ಲ.

ಹಾಗಾದರೆ ನಿನಗೆ ಅದೆಲ್ಲ ಯಾಕೆ ಕಾಣಲಿಲ್ಲ? ನೀನು ಫೋಟೋ ನೋಡಿಕೊಂಡು ಬರೆದೆ. ಅದರಲ್ಲಿ ನಿನ್ನ ತಪ್ಪಿಲ್ಲ, ಎಮ್ಮೆಯನ್ನು ಹಾಸ್ಟೆಲಿಗೆ ತರಲು ಆಗುತ್ತದಾ? ಆದರೆ ಬಿಸಿಲಿನ ಅಂಗಳವೂ ಕಪ್ಪು ಎಮ್ಮೆಯೂ ಒಂದೇ ಫೋಟೋದಲ್ಲಿದ್ದರೆ ಮೊಬೈಲ್ ಕ್ಯಾಮೆರಾ ಎರಡನ್ನೂ ಸರಿಯಾಗಿ ಹಿಡಿಯಲಾರದು. ಅಂಗಳ ಸರಿಯಾಗಿ ಬಂದರೆ ಎಮ್ಮೆ ಇದ್ದಿಲಾಗುತ್ತದೆ. ನಮ್ಮ ಕಣ್ಣು ಹಾಗಲ್ಲ, ನೆರಳಿನೊಳಗೂ ಹೊಕ್ಕು ನೋಡುತ್ತದೆ. ಫೋಟೋ ನೋಡಿಯೇ ಬರೆಯಬೇಕಾದರೆ ಮೊಬೈಲಿನಲ್ಲಿ ಬ್ರೈಟ್‌ನೆಸ್ ಜಾಸ್ತಿ ಮಾಡಿ ಒಮ್ಮೆ ನೋಡು. ಅಂಗಳ ಬಿಳಿಚಿಕೊಳ್ಳುತ್ತದೆ, ಹೋಗಲಿ ಬಿಡು. ಎಮ್ಮೆಯ ಮೈಯಲ್ಲಿ ಅಡಗಿದ್ದದ್ದು ಸ್ವಲ್ಪ ಹೊರಗೆ ಬರುತ್ತದೆ.

ಇನ್ನು ಆ ಕಪ್ಪು ಟ್ಯೂಬಿನ ವಿಷಯ. ಲ್ಯಾಂಪ್ ಬ್ಲ್ಯಾಕ್ ಅಂತ ಬರುತ್ತದಲ್ಲ, ಅದು ದೀಪದ ಮಸಿ. ನೀನು ಮಗುವಾಗಿದ್ದಾಗ ಅಜ್ಜಿ ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿಟ್ಟು, ಹಿಡಿದ ಮಸಿಯನ್ನು ಕೆರೆದು ತುಪ್ಪದಲ್ಲಿ ಕಲಸಿ ಕಾಡಿಗೆ ಮಾಡುತ್ತಿದ್ದರು. ಎರಡೂ ಒಂದೇ ಜಾತಿ. ಐವರಿ ಬ್ಲ್ಯಾಕ್ ಅನ್ನುವುದನ್ನು ಹಿಂದೆ ಆನೆಯ ದಂತ ಸುಟ್ಟು ಮಾಡುತ್ತಿದ್ದರು, ಈಗ ದನದ ಮೂಳೆ ಸುಟ್ಟು ಮಾಡುತ್ತಾರೆ. ಒಟ್ಟಿನಲ್ಲಿ ಇಂಗಾಲ. ಇಂಗಾಲದ ಗುಣವೇ ಬೆಳಕನ್ನು ನುಂಗುವುದು.

ಜಲವರ್ಣದ ಚೆಲುವು ಇರುವುದು ಬೆಳಕು ವಾಪಸ್ ಬರುವುದರಲ್ಲಿ. ಬೆಳಕು ತೆಳು ಬಣ್ಣದ ಪದರ ದಾಟಿ ಬಿಳಿ ಹಾಳೆಗೆ ತಾಗಿ, ಮತ್ತೆ ಅದೇ ಬಣ್ಣದ ಮೂಲಕ ನಮ್ಮ ಕಣ್ಣಿಗೆ ಬರಬೇಕು. ಮಸಿ ಆ ದಾರಿಯನ್ನೇ ಮುಚ್ಚುತ್ತದೆ. ತೆಳುವಾಗಿ ಹಚ್ಚಿದರೆ ಬೂದು, ದಪ್ಪಗೆ ಹಚ್ಚಿದರೆ ತೂತು. ಬೇರೆ ಬಣ್ಣಕ್ಕೆ ಬೆರೆಸಿದರೆ ಅದರ ಕಳೆ ತೆಗೆಯುತ್ತದೆ. ಹಳದಿಗೆ ಒಂಚೂರು ಕಪ್ಪು ಹಾಕಿ ನೋಡು, ಗಾಢ ಹಳದಿ ಬರುವ ಬದಲು ಪಾಚಿ ಹಸಿರು ಬರುತ್ತದೆ.

ಅದಕ್ಕೆ ನಿನಗೆ ಎರಡೇ ಟ್ಯೂಬ್ ಕಳಿಸುತ್ತಿದ್ದೇನೆ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಪಿಬಿ 29, ಪಿಬಿಆರ್ 7 ಅಂತ ಇರುತ್ತದೆ. ಅದು ಒಳಗಿರುವ ಬಣ್ಣದ ಪುಡಿಯ ಗುರುತು. ಅಂಗಡಿಯಲ್ಲಿ ಹೆಸರಿಗಿಂತ ಆ ಸಂಖ್ಯೆಯನ್ನು ನಂಬು. ಅಲ್ಟ್ರಾಮರೀನ್ ಅಂದರೆ ಸಮುದ್ರದಾಚೆಯದು ಅಂತ ಅರ್ಥ. ಹಿಂದೆ ಅಫ್ಘಾನಿಸ್ತಾನದ ಬೆಟ್ಟಗಳ ನೀಲಿ ಕಲ್ಲನ್ನು ಅರೆದು ಮಾಡುತ್ತಿದ್ದ ದುಬಾರಿ ಬಣ್ಣ ಅದು. ಸುಮಾರು ಇನ್ನೂರು ವರ್ಷದಿಂದ ಕಾರ್ಖಾನೆಯಲ್ಲೇ ಆಗುತ್ತದೆ. ಬಿಳಿ ಬಟ್ಟೆಗೆ ಹಾಕುತ್ತಿದ್ದ ನೀಲಿ ಪುಡಿಯೂ ಅದೇ. ಬರ್ನ್ಟ್ ಸಿಯೆನಾ ಸುಟ್ಟ ಮಣ್ಣು. ಸಿಯೆನಾ ಅನ್ನುವುದು ಇಟಲಿಯ ಒಂದು ಊರು. ಆ ಮಣ್ಣಿನ ಕೆಂಪಿಗೂ ನಮ್ಮ ಅಂಗಳದ ಮಣ್ಣಿನ ಕೆಂಪಿಗೂ ಕಾರಣ ಒಂದೇ, ಕಬ್ಬಿಣ. ಹಾಗಾಗಿ ಕೆಂಚಿಯ ಹೊಟ್ಟೆಗೆ ಬಡಿಯುವ ಬೆಳಕಿನ ಬಣ್ಣ ಆಗಲೇ ನಿನ್ನ ಟ್ಯೂಬಿನಲ್ಲಿದೆ ಅಂದುಕೋ.

ಎರಡನ್ನೂ ಕಡಲೆಬೀಜದಷ್ಟು ತೆಗೆದು ತಟ್ಟೆಯಲ್ಲಿ ದೂರ ದೂರ ಇಡು. ನಡುವೆ ಬೆರೆಸು. ಸಮಸಮ ಆದಾಗ ಒಂದು ಗಾಢ ಬಣ್ಣ ಬರುತ್ತದೆ, ಕಪ್ಪು ಅನ್ನಬಹುದು. ಸ್ವಲ್ಪ ನೀಲಿ ಜಾಸ್ತಿ ಹಾಕಿದರೆ ಕಾರ್ಮೋಡ. ಸಿಯೆನಾ ಜಾಸ್ತಿ ಹಾಕಿದರೆ ಹುರಿದ ಕಾಫಿ ಬೀಜ. ಕಪ್ಪು ಯಾವ ಕಡೆ ವಾಲಿದೆ ಅಂತ ಗೊತ್ತಾಗದಿದ್ದರೆ ಚೂರು ಹಾಳೆಯ ಮೇಲೆ ಒಂದು ಗೆರೆ ಎಳೆದು, ಅದರ ಅಂಚಿಗೆ ಒದ್ದೆ ಬ್ರಶ್ ತಾಗಿಸು. ನೀರಲ್ಲಿ ಹರಡಿದ ತೆಳು ಭಾಗ ನಿಜ ಹೇಳಿಬಿಡುತ್ತದೆ. ಇದನ್ನು ಮಾಡದೆ ಹಾಳೆಗೆ ಕೈ ಹಾಕಬೇಡ.

ಇಲ್ಲೇ ನನಗೆ ತುಂಬ ಮುಖ್ಯ ಅನಿಸುವ ಮಾತು ಇದೆ. ಟ್ಯೂಬಿನ ಕಪ್ಪು ಕೈಯಲ್ಲಿದ್ದರೆ ನೋಡುವ ಕೆಲಸ ಮುಗಿದುಹೋಗುತ್ತದೆ. ಕಪ್ಪು ತಾನೇ, ಹಚ್ಚು. ಬೆರೆಸಿ ಮಾಡುವಾಗ ಪ್ರತಿ ಸಲ ಬ್ರಶ್ ಅದ್ದುವ ಮೊದಲು ಕೇಳಿಕೊಳ್ಳಲೇಬೇಕು. ಇಲ್ಲಿ ನೀಲಿಯಾ, ಕೆಂಪಾ? ಹಾಗೆ ಕೇಳಿಕೊಂಡಾಗ ಮತ್ತೆ ತಲೆಯೆತ್ತಿ ಎಮ್ಮೆಯನ್ನು ನೋಡುತ್ತೀಯ.

ತಟ್ಟೆಯಲ್ಲಿ ಪೂರ್ತಿ ಬೆರೆಸಿ ಒಂದೇ ರಸ ಮಾಡಿಡಬೇಡ. ಅರ್ಧ ಬೆರೆತಿರಲಿ, ಉಳಿದದ್ದು ಹಾಳೆಯ ಮೇಲೆ ಬೆರೆಯಲಿ. ಬೆನ್ನಿಗೆ ನೀಲಿ ಹೆಚ್ಚಿರುವ ಬಣ್ಣ ಹಚ್ಚು, ಒದ್ದೆ ಇರುವಾಗಲೇ ಹೊಟ್ಟೆಯ ಕಡೆಯಿಂದ ಸಿಯೆನಾ ಬಿಡು. ಎರಡೂ ಎಲ್ಲಿ ಸೇರಬೇಕೋ ಅಲ್ಲಿ ಸೇರುತ್ತವೆ. ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡು ನೋಡು. ಅಲ್ಟ್ರಾಮರೀನಿನ ಕಣಗಳು ಕೊಂಚ ದಪ್ಪ. ಒರಟು ಹಾಳೆಯ ಸಣ್ಣ ಸಣ್ಣ ಗುಳಿಗಳಲ್ಲಿ ಅವು ಕೂತುಕೊಳ್ಳುತ್ತವೆ. ಒಣಗಿದ ಮೇಲೆ ಹತ್ತಿರದಿಂದ ನೋಡಿದರೆ ನೀಲಿ ಚುಕ್ಕೆ, ಕಂದು ಚುಕ್ಕೆ ಬೇರೆ ಬೇರೆಯಾಗಿ ಕಾಣುತ್ತವೆ. ಎಮ್ಮೆಯ ಚರ್ಮಕ್ಕೆ ಇದಕ್ಕಿಂತ ಒಳ್ಳೆಯದು ಏನು ಬೇಕು?

ನೀರಿನ ಅಳತೆಗೆ ಅಡುಗೆಮನೆಯನ್ನೇ ನೆನಪಿಟ್ಟುಕೋ. ಮೊದಲ ವಾಶ್, ಅಂದರೆ ಮೊದಲು ಹಚ್ಚುವ ತೆಳು ಪದರ, ನೀರು ಮಜ್ಜಿಗೆಯ ಹಾಗೆ. ಅದು ಪೂರ್ತಿ ಒಣಗಿದ ಮೇಲೆ ಎರಡನೆಯದು ಹಾಲಿನ ಹಾಗೆ. ಕೊನೆಯ ಗಾಢ ಜಾಗಕ್ಕೆ ಮಾತ್ರ ದೋಸೆ ಹಿಟ್ಟಿನ ಹಾಗೆ. ಒಣಗಿದೆಯಾ ಅಂತ ನೋಡಲು ಬೆರಳ ಹಿಂಭಾಗ ಹಾಳೆಗೆ ಮೆಲ್ಲಗೆ ತಾಗಿಸು, ತಣ್ಣಗಿದ್ದರೆ ಇನ್ನೂ ಹಸಿ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ಆದ್ದರಿಂದ ಹಚ್ಚುವಾಗ ಜಾಸ್ತಿ ಗಾಢ ಆಯ್ತೇನೋ ಅನಿಸಿದರೆ ಹೆದರಬೇಡ. ಎರಡನೇ ಸಲ ಹಚ್ಚುವಾಗ ಮಾತ್ರ ಉಜ್ಜಬೇಡ. ಕೆಳಗಿನ ನೀಲಿ ಎದ್ದು ಬಂದು ರಾಡಿಯಾಗುತ್ತದೆ.

ಬೆನ್ನಿನ ಹೊಳಪಿಗೆ ಹಾಳೆಯನ್ನೇ ಬಿಡು. ಬಿಳಿ ಬಣ್ಣ ಮೇಲೆ ಹಚ್ಚಿ ತರುವ ಹೊಳಪು ಸುಣ್ಣ ಬಳಿದ ಹಾಗಿರುತ್ತದೆ, ನನಗೆ ಅದು ಇಷ್ಟವಿಲ್ಲ. ಇನ್ನೊಂದು ಉಪಾಯ ಹೇಳುತ್ತೇನೆ. ಅವಳ ಪಕ್ಕದಲ್ಲಿ ಒಂದು ಬೆಳ್ಳಕ್ಕಿ ಬರೆ. ಗದ್ದೆಗೆ ಬಿಟ್ಟಾಗ ಹೇಗೂ ಹಿಂದೆ ಹಿಂದೆ ಬರುತ್ತವಲ್ಲ. ಬರೆಯುವುದು ಅಂದರೆ ಅಷ್ಟು ಜಾಗ ಬಿಳಿ ಬಿಡುವುದು. ಅದರ ಪಕ್ಕದಲ್ಲಿ ಸಾಧಾರಣ ಗಾಢ ಬಣ್ಣವೂ ಕಪ್ಪಾಗಿಯೇ ಕಾಣುತ್ತದೆ.

ಎಲ್ಲ ಕಪ್ಪಿಗೂ ಹೊಳಪು ಇರುವುದಿಲ್ಲ ಅನ್ನುವುದನ್ನೂ ನೋಡಿಕೋ. ಟ್ರೈನಿಂಗಿನಲ್ಲಿದ್ದಾಗ ನಾನು ಬಚ್ಚಲ ಹಂಡೆ ಬರೆದಿದ್ದೆ. ಮೂರು ಸಂಜೆ ಒಲೆಯ ಮುಂದೆ ಕೂತಿದ್ದೆ. ಎಮ್ಮೆಯ ಬೆನ್ನಿನಲ್ಲಿ ಬೆಳಕಿನ ಅಂಚು ಚೂಪಾಗಿರುತ್ತದೆ. ಹಂಡೆಯ ತಳದ ಮಸಿಯಲ್ಲಿ ಅಂಚೇ ಇಲ್ಲ. ಬೆಳಕು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಅಂತ ಹೇಳಲಾಗದ ಹಾಗೆ ಕರಗುತ್ತದೆ. ಬಾಯಿಯ ಹತ್ತಿರ, ತಂಬಿಗೆ ತಾಗಿ ತಾಗಿ ಸವೆದ ಒಂದು ಗೆರೆಯಲ್ಲಿ ಮಾತ್ರ ತಾಮ್ರ ಮಿನುಗುತ್ತಿತ್ತು. ಆ ಗೆರೆ ಬಂದ ಮೇಲೆಯೇ ಹಂಡೆ ಹಂಡೆಯಾಯಿತು.

ಅದೇ ವರ್ಷ ಒಂದು ಕಾಗೆ ಬರೆದು ಜಗಲಿಯಲ್ಲಿ ತೂಗುಹಾಕಿದ್ದೆ. ಅದಕ್ಕೆ ಥಾಲೋ ಗ್ರೀನ್ ಅನ್ನುವ ಹಸಿರು ಮತ್ತು ಅಲಿಝರಿನ್ ಕ್ರಿಮ್ಸನ್ ಅನ್ನುವ ಕೆಂಪು ಬೆರೆಸಿದ್ದೆ. ಈ ಜೋಡಿ ಬಹಳ ಆಳವಾದ ಕಪ್ಪು ಕೊಡುತ್ತದೆ, ಕೆಂಪು ಹೆಚ್ಚಾದರೆ ಬದನೆಕಾಯಿಯ ಬಣ್ಣ. ಕಾಗೆಯ ರೆಕ್ಕೆಗೆ ಹೇಳಿ ಮಾಡಿಸಿದ ಹಾಗಿತ್ತು. ಕೆಲವು ವರ್ಷ ಬಿಸಿಲು ಬಿದ್ದು ಕೆಂಪು ಮಾಸಿತು, ಕಾಗೆ ಹಸಿರಾಯಿತು. ನನಗೆ ತುಂಬ ಬೇಜಾರಾಗಿತ್ತು. ಪಿಆರ್ 83 ಅಂತ ಬರೆದಿರುವ ಆ ಕೆಂಪು ಬೆಳಕಿಗೆ ನಿಲ್ಲುವುದಿಲ್ಲ. ನೀನು ತೆಗೆದುಕೊಳ್ಳುವುದಾದರೆ ಕ್ವಿನಾಕ್ರಿಡೋನ್ ಕೆಂಪು ತಗೋ.

ಪೇಯ್ನ್ಸ್ ಗ್ರೇ ಹಚ್ಚಬಹುದಾ ಅಂತಲೂ ನೀನು ಕೇಳಿದ್ದೆ. ವಿಲಿಯಂ ಪೇಯ್ನ್ ಅನ್ನುವ ಇಂಗ್ಲೆಂಡಿನ ಜಲವರ್ಣ ಕಲಾವಿದ ನೀಲಿ, ಹಳದಿ ಮಣ್ಣು, ಕೆಂಪು ಬೆರೆಸಿ ಮಾಡಿಕೊಂಡಿದ್ದ ಬೂದು ಅದು. ಈಗಿನ ಟ್ಯೂಬುಗಳಲ್ಲಿ ಹೆಚ್ಚಿನವಕ್ಕೆ ಕಪ್ಪನ್ನೇ ಸೇರಿಸಿರುತ್ತಾರೆ. ಪಿಬಿಕೆ ಅಂತ ಕಂಡರೆ ಒಳಗೆ ಕಪ್ಪು ಇದೆ ಅಂತ ತಿಳಿ. ಸದ್ಯಕ್ಕೆ ಬೇಡ.

ಕಪ್ಪು ಟ್ಯೂಬ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಚೀನಾದವರು, ಜಪಾನಿನವರು ಮಸಿಯ ಕಡ್ಡಿಯೊಂದನ್ನೇ ಕಲ್ಲಿನ ಮೇಲೆ ತೇಯ್ದು ನೀರಿನ ಅಳತೆಯಲ್ಲೇ ಬೆಟ್ಟ, ಮಂಜು, ಬಿದಿರು ಎಲ್ಲ ಬರೆದಿದ್ದಾರೆ. ಅವರ ನೀರಿನ ಹಿಡಿತ ಅಂಥದ್ದು. ನೀನೂ ಒಂದು ದಿನ ಅದನ್ನು ಕಲಿಯಬೇಕು ಅನ್ನುವ ಆಸೆ ನನಗಿದೆ. ಈಗ ಮಾತ್ರ ನಿನ್ನ ಕಪ್ಪು ಟ್ಯೂಬನ್ನು ಡ್ರಾಯರಿನ ಒಳಗಿಟ್ಟು ಒಂದು ತಿಂಗಳು ಮರೆತುಬಿಡು.

ಟ್ಯೂಬುಗಳ ಜೊತೆ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿಯೂ ಇದೆ. ಬೇರೆ ಬೇರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದೇನೆ, ಆದರೂ ನೋಡಿ ಬಿಚ್ಚು.

ಇನ್ನು ಅಜ್ಜಿ ಕೇಳಿದ ಕಣ್ಣು. ಅದನ್ನು ಕೊನೆಗೆ ಬರೆ. ಇಡೀ ಮೈಯಲ್ಲಿ ಅಷ್ಟು ಗಾಢ ಬೇರೆಲ್ಲೂ ಬೇಡ. ದೋಸೆ ಹಿಟ್ಟಿನ ಹದದ ಬಣ್ಣ ಅಲ್ಲಿಗೇ ಉಳಿಸಿಕೋ. ಸುತ್ತ ರೆಪ್ಪೆಯ ಹತ್ತಿರ ಸಿಯೆನಾ ಹೆಚ್ಚಿರುವ ತೆಳು ಬಣ್ಣ. ಗುಡ್ಡೆಯ ಮೇಲೆ, ಎಡಕ್ಕೆ, ಗಸಗಸೆ ಕಾಳಿನಷ್ಟು ಹಾಳೆ ಬಿಳಿ ಬಿಡು. ಇವತ್ತು ಹಾಲು ಕರೆಯುವಾಗ ಹತ್ತಿರ ಹೋಗಿ ನೋಡಿದೆ. ಆ ಬಿಳಿ ಚುಕ್ಕೆ ಕೊಟ್ಟಿಗೆಯ ಬಾಗಿಲು. ಅದರಲ್ಲಿ ಬೆಳಕಿಗೆ ಅಡ್ಡವಾಗಿ ಅಜ್ಜಿ ನಿಂತಿದ್ದರು.

ಮುಗಿದ ಮೇಲೆ ಮೊದಲು ಅವರಿಗೇ ಕಳಿಸು.

ನಿನ್ನ
ಅಮ್ಮ