ಈ ದೀಪಾವಳಿಗೆ ನಮ್ಮ ನೇರಳೆ ವೈನ್ ಬರುವುದಿಲ್ಲ

ಆತ್ಮೀಯ ಗ್ರಾಹಕರೇ,

ಭೂಮಿ ಹುಣ್ಣಿಮೆ ಕಳೆಯುತ್ತಿದ್ದಂತೆ ನೇರಳೆ ವೈನನ್ನು ಬಾಟಲಿಗಿಳಿಸಿ, ದೀಪಾವಳಿಗೆ ನಿಮ್ಮ ಕೈಗೆ ಕೊಡುವುದು ಇಲ್ಲಿಯವರೆಗಿನ ರೂಢಿ. ಈ ಸಲ ಕೊಡುತ್ತಿಲ್ಲ. ಈ ಮಳೆಗಾಲದಲ್ಲಿ ಹುದುಗಿಸಿದ್ದು ಮುಂದಿನ ದೀಪಾವಳಿಯವರೆಗೆ ತೊಟ್ಟಿಯಲ್ಲೇ ಇರುತ್ತದೆ. ಇನ್ನು ಮೇಲೆ ಪ್ರತಿ ವರ್ಷದ ವೈನಿಗೂ ಇದೇ ಕ್ರಮ.

ಹೋದ ವರ್ಷ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಅರ್ಧ ಖಾಲಿಯಾದ ಬಾಟಲಿಯನ್ನೇ ತಂದು ನಮ್ಮ ಮೇಜಿನ ಮೇಲಿಟ್ಟರು. "ಬಣ್ಣ ಚೆನ್ನಾಗಿದೆ, ಪರಿಮಳವೂ ಇದೆ. ಆದರೆ ಕುಡಿದ ಮೇಲೆ ಎಳೆ ಅಡಿಕೆ ಅಗಿದ ಹಾಗಾಗುತ್ತದಲ್ಲ?" ಎಂದು ಕೇಳಿದರು. ನಾವೂ ಲೋಟಕ್ಕೆ ಹಾಕಿಕೊಂಡು ನೋಡಿದೆವು. ಅವರು ಹೇಳಿದ್ದು ನಿಜವಾಗಿತ್ತು.

ನೇರಳೆಯ ಒಗರು ಏನೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಬೀಜ ಜಜ್ಜಿದರೆ ಕಹಿಯೂ ಸೇರುತ್ತದೆಂದು ನಾವು ಹಣ್ಣನ್ನು ಕೈಯಲ್ಲೇ ಕಿವುಚಿ ಬೀಜ ತೆಗೆಯುತ್ತೇವೆ. ಸಿಪ್ಪೆಯನ್ನು ಮಾತ್ರ ಬಿಡುವಂತಿಲ್ಲ, ಬಣ್ಣವೆಲ್ಲ ಇರುವುದು ಅದರಲ್ಲೇ. ಬಣ್ಣದ ಜೊತೆಗೆ ಒಗರೂ ಇಳಿಯುತ್ತದೆ. ಮೃಗಶಿರಾ ಮಳೆ ಹಿಡಿದರೆ ಹಣ್ಣು ನೀರುನೀರಾಗಿ ಸಿಹಿ ಸಾಲದು, ಸಕ್ಕರೆ ಸೇರಿಸಲೇಬೇಕು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಆಲ್ಕೋಹಾಲ್ ಆಗುತ್ತದೆ. ನಾವು ಅದಕ್ಕಿಂತಲೂ ಮುಂದೆ ಹೋಗಿ, ಹುದುಗಿದ ಮೇಲೂ ಸಿಹಿ ಬೆರೆಸಿ ಒಗರನ್ನು ಮುಚ್ಚುತ್ತಿದ್ದೆವು. ಅದು ತಪ್ಪು ದಾರಿ. ಒಗರು ಇಳಿಯಲು ಬೇಕಾದದ್ದು ಸಮಯ. ತಣ್ಣಗೆ, ಕತ್ತಲಲ್ಲಿ, ಗಾಳಿ ತಾಗದಂತೆ ಇಟ್ಟರೆ ಒಗರಿನ ಅಂಶಗಳು ತಿಂಗಳುಗಟ್ಟಲೆ ಒಂದಕ್ಕೊಂದು ಕೂಡಿಕೊಂಡು, ಒಂದಿಷ್ಟು ಗಸಿಯಾಗಿ ತಳ ಸೇರುತ್ತವೆ.

ಈ ಯೋಚನೆ ಬಂದದ್ದು ನಮ್ಮಲ್ಲಿ ಹುದುಗು ನೋಡಿಕೊಳ್ಳುವವರಿಂದ. ಅವರು ಕೆಲ ವರ್ಷ ಇಂಗ್ಲೆಂಡಿನಲ್ಲಿದ್ದವರು. ಅಲ್ಲಿ ಬೇಲಿಸಾಲಿನಲ್ಲಿ ಎಲ್ಡರ್‌ಬೆರಿ ಎಂಬ ಸಣ್ಣ ಕಪ್ಪು ಹಣ್ಣು ಗೊಂಚಲುಗೊಂಚಲಾಗಿ ಬಿಡುತ್ತದೆ, ಮನೆಮನೆಯಲ್ಲಿ ಅದರ ವೈನ್ ಮಾಡುತ್ತಾರೆ. ಹಸಿಯಾಗಿ ತಿಂದರೆ ವಾಂತಿಯಾಗುವ ಹಣ್ಣದು, ಅದಕ್ಕೇ ಮೊದಲು ಬಿಸಿಮಾಡಿಕೊಳ್ಳುವವರು ಹೆಚ್ಚು. ನಮ್ಮ ನೇರಳೆಗೆ ಆ ಭಯವಿಲ್ಲ. ಆದರೆ ಒಗರಿನಲ್ಲಿ ಎರಡೂ ಅಕ್ಕತಂಗಿಯರು. ಎಲ್ಡರ್‌ಬೆರಿ ವೈನನ್ನು ಒಂದು ವರ್ಷವಾದರೂ ಇಡದೆ ತೆರೆಯಬಾರದೆಂದು ಅಲ್ಲಿನ ಅಜ್ಜಿಯರು ಹೇಳುವುದನ್ನು ಅವರು ಕೇಳಿದ್ದರಂತೆ. ನಾವು ನಾಲ್ಕೇ ತಿಂಗಳಿಗೆ ತೆರೆಯುತ್ತಿದ್ದೆವು.

ಹೋದ ವರ್ಷದ ಬಾಟಲಿ ಮನೆಯಲ್ಲಿ ಉಳಿದಿದ್ದರೆ ದಯವಿಟ್ಟು ಎಸೆಯಬೇಡಿ. ಬೆಳಕು ಬೀಳದ ಕಪಾಟಿನಲ್ಲಿಟ್ಟು ಮುಂದಿನ ಮಳೆಗಾಲದವರೆಗೆ ಕಾಯಿರಿ. ತಳದಲ್ಲಿ ಗಸಿ ಕಂಡರೆ ಕೆಟ್ಟಿದೆ ಎಂದಲ್ಲ, ಕದಡದೆ ಮೆಲ್ಲಗೆ ಬಗ್ಗಿಸಿ. ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಸಾಕು. ತೀರಾ ತಣ್ಣಗಾದರೆ ಒಗರು ಎದ್ದು ಕಾಣುತ್ತದೆ. ಜೊತೆಗೆ ಉಪ್ಪು, ಜಿಡ್ಡು ಇರುವ ತಿಂಡಿ ಬೇಕು: ಹಲಸಿನ ಹಪ್ಪಳ, ತುಪ್ಪದಲ್ಲಿ ಹುರಿದ ಅಣಬೆ, ಖಾರ ಕಡಿಮೆಯಿರುವ ಕೋಳಿ ಹುರುಕಲು. ಹುಳಿ ಮೀನುಸಾರಿಗೆ ಇದು ಹೊಂದುವುದಿಲ್ಲ, ಹುಳಿಗೆ ಒಗರು ಇನ್ನೂ ಕೆರಳುತ್ತದೆ. ತೆರೆದ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಗಾಳಿಯಾಡಿದರೆ ವಿನೆಗರ್ ಆಗುತ್ತದೆ.

ಜಡಿಮಳೆಯ ಸಂಜೆಗೆ ನಮಗೆ ಬಹಳ ಇಷ್ಟವಾದ ಕ್ರಮ ಇನ್ನೊಂದಿದೆ, ಇದೂ ಎಲ್ಡರ್‌ಬೆರಿಯವರಿಂದ ಕಲಿತದ್ದೇ. ಎರಡು ಲೋಟ ವೈನಿಗೆ ನಾಲ್ಕು ಲವಂಗ, ಒಂದು ಚೂರು ದಾಲ್ಚಿನ್ನಿ, ಒಂದು ಚಮಚ ಜೋನಿಬೆಲ್ಲ ಹಾಕಿ ಸಣ್ಣ ಉರಿಯಲ್ಲಿಡಿ. ನಮ್ಮೂರಿನ ಗುರುತಿಗೆ ಒಂದು ಏಲಕ್ಕಿಯೂ ಇರಲಿ. ಹಬೆಯಾಡಲು ಶುರುವಾದ ಕೂಡಲೇ ಇಳಿಸಿ, ಕುದಿಸಬೇಡಿ. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ಪರಿಮಳವೂ ಅದರ ಜೊತೆ ಹಾರಿಹೋಗುತ್ತದೆ. ಒಬ್ಬರಿಗೆ ಒಂದು ಲೋಟ ಸಾಕು. ಕುಡಿದ ಮೇಲೆ ಗಾಡಿ ಹತ್ತಬೇಡಿ, ಆಗುಂಬೆ ಘಾಟಿಯ ಹಾದಿಯಲ್ಲಂತೂ ಬೇಡವೇ ಬೇಡ.

ಈ ದೀಪಾವಳಿಗೆಂದು ಮುಂಗಡ ಕೊಟ್ಟವರಿಗೆ ಎರಡು ದಾರಿಗಳಿವೆ. ಹಣ ಬೇಕೆಂದರೆ ಪೂರ್ತಿ ವಾಪಸ್ ಕೊಡುತ್ತೇವೆ, ರಸೀದಿ ತಂದರಾಯಿತು. ಕಾಯುತ್ತೇವೆ ಎಂದರೆ ಮುಂದಿನ ವರ್ಷ ಬೆಲೆ ಏರಿದರೂ ನಿಮಗೆ ಇಂದಿನ ಬೆಲೆಗೇ ಸಿಗುತ್ತದೆ. ನೇರಳೆ ತಂದುಕೊಟ್ಟ ಮನೆಗಳಿಗೆ ಈ ವರ್ಷದ ಹಣ ಆಗಲೇ ಸಂದಿದೆ, ಕಾಯುವ ಹೊರೆ ಅವರ ಮೇಲೆ ಬಿದ್ದಿಲ್ಲ.

ಜನವರಿಯಲ್ಲಿ ತೊಟ್ಟಿಯಿಂದ ಮೊದಲ ಸಲ ರುಚಿ ನೋಡುತ್ತೇವೆ. ಬರುವ ಮನಸ್ಸಿರುವವರು ಮೊದಲೇ ತಿಳಿಸಿ. ಆ ಹಿರಿಯರು ಬರುತ್ತೇನೆಂದು ಒಪ್ಪಿದ್ದಾರೆ.

ನಿಮ್ಮವರು,
ವೈನ್ ಘಟಕದ ಎಲ್ಲರೂ