ಅವ್ವನ ರವಿಕೆಯ ಪಿನ್ನು

ಪುಟ್ಟೀ,

ಅವ್ವ ನಿನ್ನೆ ಸಂಜೆಯಿಂದ ನಮ್ಮ ಮನೆಯಲ್ಲಿದ್ದಾಳೆ. ಫೋನಿನಲ್ಲಿ ಹೇಳೋಣ ಅಂದರೆ ನೀನು ಎತ್ತುತ್ತಿಲ್ಲ. 22 ದಿನ ಆಯ್ತು. ಎತ್ತದೇ ಇದ್ದದ್ದೂ ಒಳ್ಳೆಯದೇ ಅನ್ಸುತ್ತೆ, ಎತ್ತಿದ್ದರೆ ನಾನು ಮತ್ತೆ ಅದೇ ಮಾತು ಶುರು ಮಾಡುತ್ತಿದ್ದೆ. ಅಂಗನವಾಡಿಯ ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ಬರೆಯುತ್ತಿದ್ದೇನೆ. ನಿಮ್ಮಪ್ಪನ ಕೈಲಿ ಫೋಟೊ ತೆಗೆಸಿ ವಾಟ್ಸಾಪ್‌ಗೆ ಹಾಕಿಸುತ್ತೇನೆ. ದೊಡ್ಡದು ಮಾಡಿಕೊಂಡು ಓದು.

ಅವತ್ತು ಯಾರು ಏನಂದರು ಅನ್ನೋದು ಇಬ್ಬರಿಗೂ ನೆನಪಿದೆ, ಬಿಡು. ಒಂದು ಮಾತು ಮಾತ್ರ ವಾಪಸ್ ತೆಗೆದುಕೊಳ್ಳುತ್ತೇನೆ. ಅವ್ವನಿಗಾಗಿ ನೀನು ಅಣ್ಣನ ಮನೆಯವರ ಮೇಲೆ ಹೆಲ್ಪ್‌ಲೈನಿಗೆ ಫೋನ್ ಮಾಡಿದ್ದಕ್ಕೆ 'ನನ್ನ ತವರಿನ ಬಾಗಿಲು ಮುಚ್ಚಿಸಿದೆ' ಅಂದೆನಲ್ಲ, ಅದು.

ನಿನಗೆ ಗೊತ್ತಿಲ್ಲದ ವಿಷಯ ಒಂದಿದೆ. ನೀನು ನೋಡುವುದಕ್ಕೆ ನಾಲ್ಕು ತಿಂಗಳು ಮೊದಲೇ ನಾನು ನೋಡಿದ್ದೆ. ಯುಗಾದಿ ಆದ ಮೇಲಿನ ವಾರ ಊರಿಗೆ ಹೋಗಿದ್ದೆ. ಅವ್ವ ಗೌರಿ ಹಬ್ಬಕ್ಕೆ ನಾನೇ ಹೊಲಿಸಿಕೊಟ್ಟ ಹಸಿರು ರವಿಕೆ ಹಾಕಿದ್ದಳು. ಅಳತೆ ತೆಗೆಸಿದ್ದೂ ನಾನೇ. ಏಳು ತಿಂಗಳಿಗೆ ಅದು ಚೀಲದ ಹಾಗಾಗಿತ್ತು. ಬೆನ್ನ ಹತ್ತಿರ ಒಂದು, ಪಕ್ಕಕ್ಕೆ ಒಂದು ಪಿನ್ನು ಹಾಕಿ ಬಿಗಿ ಮಾಡಿದ್ದರು. ಒಂದು ಪಿನ್ನು ತುಕ್ಕು ಹಿಡಿದು ಬಟ್ಟೆಗೆ ಕಲೆಯಾಗಿತ್ತು. ತುಕ್ಕು ಹಿಡಿಯಬೇಕಾದರೆ ಎಷ್ಟು ದಿನ ಬೇಕು ಹೇಳು. ಅಷ್ಟು ದಿನ ಆ ರವಿಕೆಯನ್ನು ಯಾರೂ ಬಿಚ್ಚಿ ಒಗೆದಿರಲಿಲ್ಲ.

ನಾನು ಬೆರಳಲ್ಲಿ ಆ ಪಿನ್ನು ಮುಟ್ಟಿದೆ. ಮುಟ್ಟಿ, ಸೆರಗು ಸರಿಮಾಡಿ ಮುಚ್ಚಿದೆ.

ಆಮೇಲೆ ಅವ್ವ ನೀರು ಕೇಳಿದಳು. ಅತ್ತಿಗೆ 'ಈಗ ತಾನೇ ಕುಡಿದ್ರಲ್ಲ' ಅಂದರು. ಅವ್ವ ಅವರ ಕಡೆ ತಿರುಗಲಿಲ್ಲ, ನನ್ನ ಮುಖ ನೋಡಿದಳು. ನನ್ನ ಕೈಯಲ್ಲಿ ಲೋಟದ ತುಂಬ ಕಾಫಿ. ನಾನು ಅಂದದ್ದು ಇಷ್ಟು: 'ಹೌದವ್ವ, ರಾತ್ರಿ ಏಳೋದು ಕಷ್ಟ ಆಗುತ್ತೆ, ಜಾಸ್ತಿ ಕುಡಿಬೇಡ.' ಮಟಮಟ ಮಧ್ಯಾಹ್ನ ಹನ್ನೆರಡೂವರೆ ಅದು! ಯಾಕೆ ಹಾಗಂದೆ ಅಂತ ಇಪ್ಪತ್ತೆರಡು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ಬಸ್ಸಿಗೆ ಹೊತ್ತಾಗಿತ್ತು, ನಿಜ. ಅಣ್ಣ ಚೀಲದ ತುಂಬ ತೆಂಗಿನಕಾಯಿ ಕಟ್ಟಿಸಿಟ್ಟಿದ್ದ, ಅದೂ ನಿಜ. ಆ ಕಾಯಿ ಮನೆಗೆ ತಂದು ಒಬ್ಬಟ್ಟು ಮಾಡಿದೆ. ನೀನೂ ತಿಂದೆ.

26 ವರ್ಷದಿಂದ ಮಕ್ಕಳನ್ನು ತೂಗುತ್ತಿದ್ದೇನೆ ಕಣೇ. ಯಾರ ಮಗುವಾದರೂ ತಿಂಗಳಿಗೆ 200 ಗ್ರಾಂ ಇಳಿದರೆ ತಾಯಿಯನ್ನು ಕರೆಸಿ ಕೂರಿಸಿ ಕೇಳುತ್ತೇನೆ. ಮನೆಗೂ ಹೋಗುತ್ತೇನೆ, ಪಾತ್ರೆಯ ಮುಚ್ಚಳ ತೆಗೆದೂ ನೋಡುತ್ತೇನೆ. ಹೆತ್ತವಳ ರವಿಕೆಯಲ್ಲಿ ಎರಡು ಪಿನ್ನು ನೋಡಿ ಕಾಯಿ ಹೊತ್ತುಕೊಂಡು ಬಂದೆ. ಇವತ್ತು ಬೆಳಿಗ್ಗೆ ಆಟೋದಲ್ಲಿ ಅವ್ವನನ್ನು ಅಂಗನವಾಡಿಗೆ ಕರೆದುಕೊಂಡು ಹೋಗಿ, ಬಸುರಿಯರನ್ನು ತೂಗುವ ತಕ್ಕಡಿ ಮೇಲೆ ನಿಲ್ಲಿಸಿದೆ. 34 ಕೆಜಿ. ರಿಜಿಸ್ಟರಿನಲ್ಲಿ ಬರೆಯೋಣ ಅಂದರೆ ಯಾವ ಕಾಲಮ್ಮಿನಲ್ಲಿ ಬರೆಯಲಿ?

ನೀನು ಮಾಡಿದ್ದನ್ನು ಯೋಚಿಸಿದರೆ ಹೆಮ್ಮೆ ಆಗುತ್ತೆ. ಅತ್ತೆಯನ್ನು ಕರಿಬೇವು ಕಿತ್ತುಕೊಡಿ ಅಂತ ಹಿತ್ತಲಿಗೆ ಕಳಿಸಿ, ಅಜ್ಜಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದೆಯಂತೆ. ಅವ್ವ ಹೇಳಿದಳು. ನನಗೆ ಇಷ್ಟು ವರ್ಷದಲ್ಲಿ ಅದು ಹೊಳೆದಿಲ್ಲ. ನಾನು 'ಹೇಗಿದ್ದೀಯವ್ವ' ಅಂತ ಕೇಳುತ್ತಿದ್ದದ್ದೇ ಎಲ್ಲರ ಎದುರಿಗೆ, 'ಚೆನ್ನಾಗೇ ಇದಾರೆ' ಅಂತ ಉತ್ತರ ಕೊಡುತ್ತಿದ್ದದ್ದು ಅತ್ತಿಗೆ. ಕೇಳಿದ್ದು ಒಬ್ಬರನ್ನು, ಹೇಳಿದ್ದು ಇನ್ನೊಬ್ಬರು. ಅಲ್ಲೇ ಗೊತ್ತಾಗಬೇಕಿತ್ತು. ತೋಳಿನ ಒಳಭಾಗದಲ್ಲಿ ಬೆರಳಿನ ಗುರುತು ಇತ್ತು ಅಂದೆಯಲ್ಲ, ಇನ್ನೂ ಇದೆ, ಹಳದಿಯಾಗಿದೆ. ಬಿದ್ದರೆ ಮೊಣಕೈ ತರಚುತ್ತೆ, ಮಂಡಿ ತರಚುತ್ತೆ. ಕಂಕುಳ ಹತ್ತಿರ ನಾಲ್ಕು ಬೆರಳು ಮೂಡಬೇಕಾದರೆ ಯಾರೋ ಹಿಡಿದು ಎಳೆದಿರಬೇಕು.

ಆದರೂ ಒಂದು ತಪ್ಪು ಮಾಡಿದೆ, ಹೇಳಲೇಬೇಕು. ಅಂಗಳದಲ್ಲಿ ನಿಂತು ಮಾವನ ಮೇಲೆ ಕೂಗಾಡಿದೆ. ಕೂಗಾಡಿ ನೀನು ಬಸ್ಸು ಹತ್ತಿದೆ. ಆ ರಾತ್ರಿ ಅವ್ವ ಯಾರ ಕೈಲಿದ್ದಳು? ಊಟ ಹಾಕಬೇಕಾದವರು ಅವರೇ, ಬಚ್ಚಲಿಗೆ ಕರೆದುಕೊಂಡು ಹೋಗಬೇಕಾದವರೂ ಅವರೇ. ಇನ್ನೊಂದು ಸಲ ಎಲ್ಲಾದರೂ ಇಂಥದ್ದು ಕಂಡರೆ ಮೊದಲು ಅಲ್ಲಿರುವ ಜೀವಕ್ಕೆ ರಾತ್ರಿ ಏನಾಗುತ್ತೆ ಅಂತ ಯೋಚನೆ ಮಾಡು, ಸಿಟ್ಟು ಆಮೇಲೆ. ಹೊಡೆಯುತ್ತಿದ್ದಾರೆ ಅಂದರೆ ಆ ಕ್ಷಣವೇ 112. ಇಲ್ಲದಿದ್ದರೆ ಸುಮ್ನೆ ಫೋಟೊ, ತಾರೀಖು, ಅವರು ಹೇಳಿದ ಮಾತು ಹೇಳಿದ ಹಾಗೇ ಬರೆದಿಟ್ಟುಕೊಂಡು, ಹೊರಗೆ ಬಂದು ಹಿರಿಯರ ಹೆಲ್ಪ್‌ಲೈನ್ 14567ಕ್ಕೆ ಫೋನ್ ಮಾಡು. ನೀನು ಹಾಗೇ ಮಾಡಿದೆ ಬಿಡು, ಕೂಗಾಟ ಒಂದು ಜಾಸ್ತಿ. ಇದು ಭಾಷಣ ಆಗುತ್ತಿದೆ ಅಂತ ಗೊತ್ತು. ಟೀಚರ್ ಅಂತ ಕರೆಸಿಕೊಂಡು ಅಭ್ಯಾಸ ಆಗಿದೆ.

ನೀನು ಫೋನ್ ಮಾಡಿದ ಮೇಲೆ ಹೆಲ್ಪ್‌ಲೈನಿನ ಕಡೆಯಿಂದ ಒಬ್ಬರು ಊರಿಗೆ ಹೋಗಿ ಅವ್ವನ ಹತ್ತಿರ ಮಾತಾಡಿದರು. 'ಇಲ್ಲೇ ಇರುತ್ತೀರಾ, ಮಗಳ ಮನೆಗೆ ಹೋಗುತ್ತೀರಾ' ಅಂತ ಅವ್ವನನ್ನೇ ಕೇಳಿದರಂತೆ. ಅವಳಿಗೆ ಏನು ಬೇಕು ಅಂತ ನಾವ್ಯಾರೂ ಕೇಳಿರಲಿಲ್ಲ, ನೀನೂ ಕೇಳಿರಲಿಲ್ಲ. ಅವ್ವ ಎರಡು ದಿನ ಯೋಚಿಸಿ ಹೂಂ ಅಂದಳಂತೆ. ಮಗಳ ಮನೆಯಲ್ಲಿ ಇರಬಾರದು ಅನ್ನೋದು ಅವಳ ತಲೆಯಲ್ಲೂ ಇದೆ, ನನ್ನ ತಲೆಯಲ್ಲೂ ಇತ್ತು. ಬಂದು ಹೋಗುವ ನೆಂಟಳಾಗಿದ್ದೆ ನಾನು.

ಅರ್ಜಿ ಬರೆಯಲು ಎಸಿ, ಅಂದರೆ ಅಸಿಸ್ಟೆಂಟ್ ಕಮಿಷನರ್ ಆಫೀಸಿಗೆ ಹೋಗಿದ್ದೆ. ಹಿರಿಯರ ಪಾಲನೆಯ 2007ರ ಕಾಯ್ದೆ, ವಕೀಲರು ಬೇಡ, ಅವ್ವನ ಕೈಲಿ ಆಗದಿದ್ದರೆ ಅವಳು ಒಪ್ಪಿದವರು ಅವಳ ಪರವಾಗಿ ಕೊಡಬಹುದು. ಮಗನ ಮೇಲೆ ದೂರು ಕೊಡಲು ಬಂದಿದ್ದೇನೆ ಅಂದೆ. ಗುಮಾಸ್ತರು ಕನ್ನಡಕ ಏರಿಸಿ, 'ಅಮ್ಮಾ, ಈ ಕಾನೂನಿನಲ್ಲಿ ಮಕ್ಕಳು ಅಂದರೆ ಮಗಳೂ ಸೇರುತ್ತಾಳೆ, ಮೊಮ್ಮಕ್ಕಳೂ ಸೇರುತ್ತಾರೆ' ಅಂದರು. ನನಗೆ ಬೆವರು ಬಂತು. ತಿಂಗಳಿಗೆ 10000 ರೂಪಾಯಿವರೆಗೆ ಕೊಡಿ ಅಂತ ಆದೇಶ ಆಗಬಹುದು, ಅದು ನನ್ನ ಮೇಲೂ ಆಗಬಹುದು. ಆಗಲಿ. ನೋಡಿಕೊಳ್ಳಬೇಕಾದವರು ಬಿಟ್ಟುಬಿಡೋಣ ಅಂತಲೇ ಹಿರಿಯರನ್ನು ಎಲ್ಲೋ ಬಿಟ್ಟುಹೋದರೆ ಮೂರು ತಿಂಗಳು ಜೈಲು ಅಥವಾ 5000 ದಂಡ, ಇಲ್ಲವೇ ಎರಡೂ ಅಂತಲೂ ಇದೆ. ಕಣ್ಣೆದುರೇ ಬಿಟ್ಟವರಿಗೆ ಏನು ಅಂತ ನಾನು ಕೇಳಲಿಲ್ಲ.

ತೋಟದ ಮಾತು. ಮೂರು ವರ್ಷದ ಹಿಂದೆ ಅಣ್ಣ ಅವ್ವನ ಹೆಬ್ಬೆಟ್ಟು ಒತ್ತಿಸಿ ದಾನಪತ್ರ ಮಾಡಿಸಿಕೊಂಡನಲ್ಲ, ಅದರಲ್ಲಿ 'ಕೊನೆತನಕ ನೋಡಿಕೊಳ್ಳಬೇಕು' ಅಂತ ಒಂದು ಸಾಲು ಇದ್ದಿದ್ದರೆ ರದ್ದು ಮಾಡಿಸುವುದು ಸುಲಭ ಆಗುತ್ತಿತ್ತಂತೆ. ಇಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರದೇಶದ ಒಬ್ಬ ತಾಯಿಗೆ ಮಗನಿಂದ ಆಸ್ತಿ ವಾಪಸ್ ಕೊಡಿಸಿತು. ಆದರೆ ನೋಡಿಕೊಳ್ಳುತ್ತೇನೆ ಅಂತ ಆ ಮಗ ಬರೆದುಕೊಟ್ಟ ಕಾಗದ ಇತ್ತು. ಅವ್ವನ ಹತ್ತಿರ ಮಗನ ಬಾಯಿಮಾತು ಮಾತ್ರ ಇದೆ. ನನಗೆ ತೋಟ ಬೇಡ. ಆದರೆ ಸಂಧ್ಯಾ ಸುರಕ್ಷಾ ಪಿಂಚಣಿಯ 1200 ರೂಪಾಯಿ ಬೇಕು. ಅದು ಬರುತ್ತಿದೆ ಅನ್ನೋದೇ ಅವ್ವನಿಗೆ ಗೊತ್ತಿರಲಿಲ್ಲ. ಹೆಬ್ಬೆಟ್ಟು ಅವಳದು, ದುಡ್ಡು ಅಣ್ಣನ ಜೇಬಿಗೆ.

ನಿನಗೆ ಇಷ್ಟವಾಗದ ಮಾತೂ ಒಂದಿದೆ. ಆರು ವರ್ಷ ಅವ್ವನ ಹಾಸಿಗೆ ಒಗೆದವರು ಅತ್ತಿಗೆ. ಅವರ ಮಂಡಿ ಸವೆದಿದೆ, ಸಹಾಯಕ್ಕೆ ಯಾರೂ ಇಲ್ಲ. ಒಂದು ತಿಂಗಳಾದರೂ ನಮ್ಮಲ್ಲಿರಲಿ ಅಂತ ನಾನು ಒಂದು ಸಲವೂ ಅನ್ನಲಿಲ್ಲ, ಸೀರೆ ಕಳಿಸಿದೆ. ನೀರು ಕೊಡದಿದ್ದದ್ದು ಇದರಿಂದ ಸರಿಹೋಗುವುದಿಲ್ಲ. ಅವರು ಉತ್ತರ ಕೊಡಲಿ. ಆದರೆ ಅವರನ್ನು ರಾಕ್ಷಸಿ ಅಂತ ಬರೆದು ಕಳಿಸಿದೆಯಲ್ಲ ಕಸಿನ್‌ಗಳ ಗ್ರೂಪಿನಲ್ಲಿ, ಅದನ್ನು ಅಳಿಸು.

ನಮ್ಮ ಹಿಂದಿನ ಬೀದಿಯಲ್ಲಿ ಆ ಬುದ್ಧಿಮಾಂದ್ಯ ಹುಡುಗ ಇದ್ದಾನಲ್ಲ, ಹುಡುಗ ಏನು, ಮೂವತ್ತಾಗಿದೆ. ಅವನ ಕಾಲಿಗೆ ಹಗ್ಗ ಕಟ್ಟಿರುವುದನ್ನು ಎರಡು ವರ್ಷದಿಂದ ನೋಡುತ್ತಿದ್ದೇನೆ. 2016ರ ಅಂಗವಿಕಲರ ಕಾಯ್ದೆ ಪ್ರಕಾರ ಯಾರು ಬೇಕಾದರೂ ತಿಳಿಸಬಹುದಂತೆ. ಗುರುವಾರ ತಹಶೀಲ್ದಾರರ ಆಫೀಸಿಗೆ ಹೋಗುತ್ತೇನೆ. ನಿಮ್ಮಪ್ಪ ಬೇಡ ಅನ್ನುತ್ತಿದ್ದಾರೆ.

ಅವ್ವ ಈಗಲೂ ನೀರು ಕುಡಿಯುವ ಮುಂಚೆ 'ಕುಡೀಲಾ?' ಅಂತ ಕೇಳುತ್ತಾಳೆ. ಮಂಚದ ಪಕ್ಕ ಚೊಂಬು ಇಟ್ಟರೂ ಕೇಳುತ್ತಾಳೆ.

ವಿಚಾರಣೆ ಮುಂದಿನ ಸೋಮವಾರ. ಭಾನುವಾರವೇ ಬಂದುಬಿಡು. ನೀನು ತೆಗೆದ ಫೋಟೊಗಳನ್ನು ಪ್ರಿಂಟ್ ಹಾಕಿಸಿಕೊಂಡು ಬಾ. ದೊಡ್ಡವರ ಡೈಪರ್ ಮೀಡಿಯಂ ಸೈಜ್ ಎರಡು ಪ್ಯಾಕೆಟ್ ತಾ, ಇಲ್ಲಿ ಲಾರ್ಜ್ ಮಾತ್ರ ಸಿಗುತ್ತೆ, ಅವಳಿಗೆ ಜಾರಿಹೋಗುತ್ತೆ. ಈ ಸಲ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವುದಿಲ್ಲ, ಅದನ್ನು ನೆನೆಸಿಕೊಂಡು ನಾನು ಅತ್ತರೆ ನಿನ್ನ ಮೇಲಿನ ಸಿಟ್ಟು ಅಂದುಕೊಳ್ಳಬೇಡ. ಮಾವನಿಗೆ ನೀನು ಫೋನ್ ಮಾಡಬೇಡ. ಅದು ನನ್ನ ಕೆಲಸ, ಇವತ್ತು ರಾತ್ರಿ ಮಾಡುತ್ತೇನೆ.

ನಿನ್ನ ಅಮ್ಮ