ಹುಣಸೆಹಣ್ಣು ಮುಟ್ಟಿಸಬೇಡಿ

ಲಂಡನ್
ಜೂನ್ 14

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನೀವು ಕೊಂಡ ಐದು ರೋಮನ್ ನಾಣ್ಯಗಳ ಫೋಟೊ ನೋಡಿದೆ. ಮೊದಲನೆಯದಾಗಿ, ದೇವರ ದೀಪ ತೊಳೆದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಶತಮಾನಗಟ್ಟಲೆ ಮಣ್ಣಿನಲ್ಲಿದ್ದ ಕಂಚಿನಲ್ಲಿ ಚಕ್ರವರ್ತಿಯ ಮೂಗು, ಅಕ್ಷರಗಳ ಅಂಚು ಉಳಿದಿರುವುದು ಬಹುಪಾಲು ಆ ಕಿಲುಬಿನ ಪದರದಲ್ಲೇ. ಹುಳಿ ಅದನ್ನು ಕರಗಿಸಿದರೆ ಸಿಗುವುದು ಗುಳಿಬಿದ್ದ ಕೆಂಪು ಬಿಲ್ಲೆ. ನಿಂಬೆ, ವಿನಿಗರ್, ತಂತಿ ಬ್ರಷ್ ಯಾವುದೂ ಬೇಡ.

ಮಣ್ಣು ಬಿಡಿಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು (ಅಂಗಡಿಯಲ್ಲಿ ಆಸಿಡ್ ಬಾಟಲಿಯೂ ಪಕ್ಕದಲ್ಲೇ ಇರುತ್ತದೆ, ಲೇಬಲ್ ಓದಿ). ಒಂದೊಂದು ನಾಣ್ಯಕ್ಕೆ ಒಂದೊಂದು ಪ್ಲಾಸ್ಟಿಕ್ ಲೋಟ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ವಾರಗಟ್ಟಲೆ ಹಿಡಿಯುತ್ತದೆ. ಮೆತ್ತಗಾದ ಮಣ್ಣನ್ನು ಭೂತಗನ್ನಡಿ ಹಿಡಿದು ಹಲ್ಲುಕಡ್ಡಿಯಿಂದ ಬಿಡಿಸಿ. ಆಲಿವ್ ಎಣ್ಣೆಯಲ್ಲಿ ನೆನೆಸಿಡಿ ಎನ್ನುವವರಿದ್ದಾರೆ. ಅದರಲ್ಲೂ ಹುಳಿಯಂಶ ಇದೆ, ನನಗೆ ಒಪ್ಪಿಗೆಯಿಲ್ಲ.

ನನಗೆ ಚಿಂತೆ ಮೂರನೆಯ ನಾಣ್ಯದ್ದು. ಚಕ್ರವರ್ತಿಯ ಕಿವಿಯ ಹತ್ತಿರ ತಿಳಿಹಸಿರು ಚುಕ್ಕೆ ಕಾಣುತ್ತದಲ್ಲ, ಕಡ್ಡಿಯಿಂದ ಕೆದಕಿ ನೋಡಿ. ಗಟ್ಟಿಯಾಗಿದ್ದರೆ ಸಾಮಾನ್ಯ ಕಿಲುಬು, ಭಯವಿಲ್ಲ. ಪುಡಿಯಾಗಿ ಉದುರಿ ಕೆಳಗೆ ಗುಳಿ ಕಂಡರೆ ಅದು ಕಂಚಿನ ರೋಗ. ಒಳಗಿನ ಕ್ಯುಪ್ರಸ್ ಕ್ಲೋರೈಡ್ ಎಂಬ ತಾಮ್ರದ ಲವಣಕ್ಕೆ ತೇವ, ಗಾಳಿ ಸೇರಿದಾಗ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿಸುತ್ತದೆ. ಆ ಆಮ್ಲ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ. ಕುಂದಾಪುರದ ಉಪ್ಪುಗಾಳಿ, ಮಳೆಗಾಲ ಅದಕ್ಕೆ ಹಬ್ಬ. ಪುಡಿಯನ್ನೆಲ್ಲ ಕೆದಕಿ ತೆಗೆದು, ಲೀಟರ್ ಡಿಸ್ಟಿಲ್ಡ್ ನೀರಿಗೆ 50 ಗ್ರಾಂ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ (ವಾಷಿಂಗ್ ಸೋಡಾ, ಅಡುಗೆ ಸೋಡಾ ಎರಡೂ ಸೇರಿದಂಥ ಲವಣ) ಬೆರೆಸಿ ಮುಳುಗಿಸಿಡಿ. ವಾರಕ್ಕೊಮ್ಮೆ ದ್ರಾವಣ ಬದಲಿಸಿ, ತಿಂಗಳುಗಳೇ ಬೇಕಾದೀತು. ಬಣ್ಣ ಸ್ವಲ್ಪ ಬದಲಾಗಬಹುದು, ನಾಣ್ಯವೇ ಹೋಗುವುದಕ್ಕಿಂತ ವಾಸಿ. ಆಮೇಲೆ ತೊಳೆದು, ಅಸಿಟೋನ್‌ನಲ್ಲಿ ಅದ್ದಿ ಒಣಗಿಸಿ. ಅಸಿಟೋನ್ ಒಲೆಯ ಹತ್ತಿರ ಬೇಡ.

ಇಡುವುದು ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿ; ಒಳಗಿನ ತೇವಾಂಶ ಶೇ. 40ರ ಕೆಳಗಿರಬೇಕು. ನೀಲಿ ಹರಳು ಗುಲಾಬಿಯಾದರೆ ಹೊಸದು ಹಾಕಿ. ಅದರಲ್ಲಿ ಕೋಬಾಲ್ಟ್ ಇರುತ್ತದೆ, ಚಿಕ್ಕಮ್ಮನ ಬಾಣಲೆಯಲ್ಲಿ ಹುರಿಯಲು ಹೋಗಬೇಡಿ. ಮೆತ್ತನೆಯ ಪಿವಿಸಿ ಲಕೋಟೆ ಕಾಲಕ್ರಮೇಣ ಆಮ್ಲ ಬಿಡುತ್ತದೆ. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯದಾದರೆ ಸರಿ.

ಇಬ್ಬರು ಸೈನಿಕರ ಚಿತ್ರವಿರುವ ನಾಣ್ಯ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಮನೆತನದ್ದು, ಬರಹ ‘ಗ್ಲೋರಿಯಾ ಎಕ್ಸರ್ಕಿತುಸ್’, ಅಂದರೆ ದಂಡಿನ ಕೀರ್ತಿ. ನಡುವೆ ಎರಡು ಧ್ವಜ ಇದ್ದರೆ ಕ್ರಿ.ಶ. 330ರಿಂದ 335ರ ಸುಮಾರಿನದು, ತೂಕ ಎರಡೂವರೆ ಗ್ರಾಂ ಆಸುಪಾಸು. ಒಂದೇ ಧ್ವಜವಾದರೆ ಅದರ ನಂತರದ್ದು, ಒಂದೂವರೆ ಗ್ರಾಂ ಚಿಲ್ಲರೆ. ಸೈನಿಕರ ಕಾಲಡಿಯ ಗೆರೆಯ ಕೆಳಗೆ ಟಂಕಸಾಲೆಯ ಗುರುತು ಇರುತ್ತದೆ: ಎಸ್ಎಂಎಎನ್ ಎಂದರೆ ಆಂಟಿಯೋಕ್ ನಗರ, ಟಿಆರ್ ಎಂದರೆ ಟ್ರಿಯರ್ ನಗರ. ಲಂಡನ್ನಿನ ಪಿಎಲ್‌ಎನ್ ನಿಮ್ಮ ಈ ನಾಣ್ಯದಲ್ಲಿ ಸಿಗದು, ಇಲ್ಲಿನ ಟಂಕಸಾಲೆ 325ರ ಹೊತ್ತಿಗೇ ಮುಚ್ಚಿತ್ತು.

ಐದನೆಯದು ನಕಲಿಯೇನೋ ಎಂದು ನನಗೆ ಅನುಮಾನ. ಅಕ್ಷರಗಳು ಸಾಬೂನು ಸವೆದಂತೆ ಮೊಂಡಾಗಿವೆ, ಮೈಮೇಲೆ ಸೂಜಿಮೊನೆಯಷ್ಟು ಗುಳ್ಳೆಗಳೂ ಇವೆ. ಅದು ಎರಕದ ಲಕ್ಷಣ. ಈ ನಾಣ್ಯಗಳನ್ನು ಅಚ್ಚಿನ ನಡುವೆ ಇಟ್ಟು ಬಡಿದು ಮಾಡುತ್ತಿದ್ದರು. ಅಂಚಿನ ಸುತ್ತ ಬೆಸುಗೆಯಂಥ ಗೆರೆ ಇದೆಯೇ ನೋಡಿ. ಅಂಚಿನ ಫೋಟೊ ಮತ್ತು 0.01 ಗ್ರಾಂವರೆಗೆ ತೋರಿಸುವ ತಕ್ಕಡಿಯ ತೂಕ ಕಳಿಸಿ. ಮಾರಿದವರ ರಸೀದಿ ಅಲ್ಲಿಯವರೆಗೆ ಬಿಸಾಡಬೇಡಿ.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಅಣ್ಣನ ಮಗ,
ರಘು